ಯಾವ ಅಶ್ವತ್ಥ್?

‘ಅಶ್ವತ್ಥ್ ಅಂದರೆ ನನಗೆ ಪ್ರಾಣ’ ಎಂದು ಯಾರಾದರೂ ಹೇಳಿದರೆ ಕೂಡಲೇ ಹೂಂಗುಟ್ಟಬೇಡಿ. ಯಾವ ಅಶ್ವತ್ಥ್ ಎಂದು ಮೊದಲು ಕೇಳಿ. ಶಿಶುನಾಳ ಶರೀಫರ ಪದಗಳನ್ನು ಎದೆಬಿಚ್ಚಿ ಹಾಡಿ ಮನೆಮನೆಗೆ ಮುಟ್ಟಿಸಿದ ಸಿ. ಅಶ್ವತ್ಥರೇ? ಅಥವಾ ಬೆಳ್ಳಿತೆರೆಯ ಮೇಲೆ ಕನ್ನಡಿಗರಿಗೆಲ್ಲ ಅಪ್ಪನಾಗಿ, ಮೇಷ್ಟರಾಗಿ ಬಾಳಿದ ಕೆ.ಎಸ್. ಅಶ್ವತ್ಥರೇ? ಹೆಸರು ಒಂದೇ ಆದರೂ ದನಿಗಳನ್ನು ನೋಡಿ, ಎಷ್ಟು ದೂರ! 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಕಾರ್ಯಕ್ರಮ ಕೇಳಿದವರಿಗೆ ಸಿ. ಅಶ್ವತ್ಥರ ಕಂಠ ಎಂಥದೆಂದು ಹೇಳಬೇಕಾಗಿಲ್ಲ. ಆ ಕಂಠಕ್ಕೆ ಮೈದಾನವೇ ಬೇಕಿತ್ತು. ಕೆ.ಎಸ್. ಅಶ್ವತ್ಥರಿಗೆ ಬೇಕಾಗಿದ್ದುದು ಒಂದು ನಡುಮನೆ, ಒಂದು ಕುರ್ಚಿ, ಹೆಗಲ ಮೇಲೊಂದು ವಸ್ತ್ರ. ಗದರಿಸುವಾಗಲೂ ಅವರ ದನಿಯಲ್ಲಿ ಅಂತಃಕರಣ ಇಣುಕುತ್ತಿತ್ತು.

ಇನಿಷಿಯಲ್ಲು ಎಂಬುದು ಇಲ್ಲದಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಹೇಳಿ! ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಅಷ್ಟರಲ್ಲೇ ನಾವು ಮನುಷ್ಯನನ್ನು ಗುರುತು ಹಿಡಿಯುತ್ತೇವೆ. ಅಭಿಮಾನಿಗಳಿಗೆ ಅದೂ ಬೇಡ. ‘ನಮ್ಮ ಅಶ್ವತ್ಥ್’ ಎಂದುಬಿಡುತ್ತಾರೆ, ಯಾವ ಅಶ್ವತ್ಥ್ ಎಂಬುದು ಮಾತಿನ ಬಿಸಿಯಲ್ಲೇ ತಿಳಿಯುತ್ತದೆ.

2009ರ ಡಿಸೆಂಬರ್ 29ರಂದು ಸಿ. ಅಶ್ವತ್ಥ್ ತೀರಿಕೊಂಡರು. ಮೂರು ವಾರ ತುಂಬುವ ಮೊದಲೇ, 2010ರ ಜನವರಿ 18ರಂದು, ಕೆ.ಎಸ್. ಅಶ್ವತ್ಥರೂ ಹೋದರು. ಈ ಎರಡು ಸಾವುಗಳ ನಡುವೆ ಡಿಸೆಂಬರ್ 30ರಂದು ಇನ್ನೊಂದು ಸಿಡಿಲು: ವಿಷ್ಣುವರ್ಧನ್. 1972ರ ‘ನಾಗರಹಾವು’ ನೆನಪಿದೆಯಲ್ಲ? ಶಿಷ್ಯ ರಾಮಾಚಾರಿ ಮೊದಲು ಹೋದ, ಚಾಮಯ್ಯ ಮೇಷ್ಟರು ಹಿಂದೆಯೇ ಹೊರಟರು. ಆ ಚಳಿಗಾಲ ಕನ್ನಡಿಗರ ಪಾಲಿಗೆ ಬಹಳ ಕಠಿಣವಾಗಿತ್ತು.

ವಿಷ್ಣುವರ್ಧನ್ ಎಂದಾಗ ಇನ್ನೊಂದು ಸಂಗತಿ ನೆನಪಾಗುತ್ತದೆ. ಅವರ ಹುಟ್ಟುಹೆಸರು ಸಂಪತ್ ಕುಮಾರ್. ‘ನಾಗರಹಾವು’ ತೆಗೆಯುವಾಗ ಪುಟ್ಟಣ್ಣ ಕಣಗಾಲರು ಇಟ್ಟ ಹೆಸರು ವಿಷ್ಣುವರ್ಧನ್. ಬೇಲೂರಿನ ಚೆನ್ನಕೇಶವನ ಗುಡಿ ಕಟ್ಟಿಸಿದ ಹೊಯ್ಸಳ ದೊರೆ ವಿಷ್ಣುವರ್ಧನ ಇದ್ದಾನಲ್ಲ, ಅವನಿಗೂ ಅದು ಹುಟ್ಟಿನೊಂದಿಗೆ ಬಂದ ಹೆಸರಲ್ಲ! ಅವನು ಬಿಟ್ಟಿದೇವ. ರಾಜನೂ ನಟನೂ ಒಂದು ಹೆಸರು ಕಳಚಿಟ್ಟು ಇದೇ ಹೆಸರಿಗೆ ಬಂದರು, ಜನ ಇಬ್ಬರನ್ನೂ ಎರಡನೆಯ ಹೆಸರಿನಿಂದಲೇ ಎತ್ತಿ ಆಡಿಸಿದರು. ಬಿಟ್ಟಿದೇವ ವಿಷ್ಣುವರ್ಧನನಾದದ್ದು ರಾಮಾನುಜಾಚಾರ್ಯರ ಪ್ರಭಾವದಿಂದ ಎಂದು ಪರಂಪರೆ ಹೇಳುತ್ತದೆ. ಮೇಲುಕೋಟೆಗೆ ಹೋದರೆ ಇವತ್ತಿಗೂ ಆಚಾರ್ಯರ ಹೆಸರು ಬಾಯಿಂದ ಬಾಯಿಗೆ ಓಡಾಡುತ್ತಿರುತ್ತದೆ.

ಸರಿ, ರಾಮಾನುಜರ ಹತ್ತಿರ ಬಂದೆವು. ಇನ್ನು ಸುಲಭಕ್ಕೆ ಬಿಡುಗಡೆಯಿಲ್ಲ.

ಲೋಕಕ್ಕೆ ರಾಮಾನುಜನ್ ಎಂದರೆ ಕುಂಭಕೋಣದ ಗಣಿತಜ್ಞ ಶ್ರೀನಿವಾಸ ರಾಮಾನುಜನ್, ಮೂವತ್ತೆರಡಕ್ಕೇ, 1920ರಲ್ಲಿ, ಕಣ್ಣುಮುಚ್ಚಿದ ಮಹಾನುಭಾವ. ನಮಗೆ ಇನ್ನೊಬ್ಬರಿದ್ದಾರೆ: 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್. ಇವರ ತಂದೆ ಕೃಷ್ಣಸ್ವಾಮಿ ಅಯ್ಯಂಗಾರರು ಮೈಸೂರಿನಲ್ಲಿ ಗಣಿತದ ಪ್ರಾಧ್ಯಾಪಕರು, ನಮ್ಮ ಹಳೆಯ ಚಕ್ರವಾಳ ವಿಧಾನದ ಬಗ್ಗೆ ಬರೆದವರು. ಗಣಿತದ ಮೇಷ್ಟರ ಮನೆಯಲ್ಲಿ ರಾಮಾನುಜನ್ ಎಂಬ ಹುಡುಗ! ಅವನು ಲೆಕ್ಕದ ಕಡೆ ಹೋಗಲಿಲ್ಲ, ಕವಿತೆಯ ಕಡೆ ಹೋದ, ಜನಪದ ಕಥೆಗಳ ಕಡೆ ಹೋದ. ‘ಹೊಕ್ಕುಳಲ್ಲಿ ಹೂವಿಲ್ಲ’ ಎಂದು ಕನ್ನಡದಲ್ಲಿ ಸಂಕಲನ ತಂದ, ಬಸವಣ್ಣ, ದಾಸಿಮಯ್ಯ, ಅಕ್ಕ, ಅಲ್ಲಮರ ವಚನಗಳನ್ನು 1973ರಲ್ಲಿ ಇಂಗ್ಲಿಷಿಗೆ ಕರೆದೊಯ್ದ. ನನ್ನನ್ನು ಕೇಳಿದರೆ, ಕನ್ನಡಕ್ಕೆ ಆ ಪುಸ್ತಕ ಮಾಡಿದ ಉಪಕಾರ ಹತ್ತು ಸಮ್ಮೇಳನಗಳಿಗಿಂತ ದೊಡ್ಡದು.

ಇವರು ಪಾಠ ಹೇಳುತ್ತಿದ್ದುದು ಷಿಕಾಗೋ ವಿಶ್ವವಿದ್ಯಾಲಯದಲ್ಲಿ. ಅದೇ ವಿಶ್ವವಿದ್ಯಾಲಯದಲ್ಲಿ ಖಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಇದ್ದರು. 1983ರಲ್ಲಿ ಚಂದ್ರಶೇಖರರಿಗೆ ನೊಬೆಲ್, ಅದೇ ವರ್ಷ ರಾಮಾನುಜನ್ನರಿಗೆ ಮೆಕಾರ್ಥರ್ ಫೆಲೋಶಿಪ್. ಆ ಗಣಿತದ ರಾಮಾನುಜನ್ನರಿಗೂ ಈ ಚಂದ್ರಶೇಖರರಿಗೂ ನಂಟು ಬೇರೆ ಉಂಟು. ಗಣಿತಜ್ಞ ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದಾಗ ತಾಯಿ ಹೇಳಿದ್ದನ್ನು ಒಂಬತ್ತು ವರ್ಷದ ಚಂದ್ರಶೇಖರ್ ಮರೆಯಲೇ ಇಲ್ಲ. ಮುಂದೆ 1936ರಲ್ಲಿ ಮದರಾಸಿನಲ್ಲಿ ಆ ಮಹಾನುಭಾವನ ಪತ್ನಿ ಜಾನಕಿ ಅಮ್ಮಾಳರನ್ನು ಹುಡುಕಿಕೊಂಡು ಹೋಗಿ ಪಾಸ್‌ಪೋರ್ಟಿನ ಭಾವಚಿತ್ರ ತಂದವರೂ ಇವರೇ. ರಾಮಾನುಜನ್ನರ ಮುಖ ಇಂದು ನಮ್ಮ ಕಣ್ಣಿಗೆ ಕಟ್ಟಿರುವುದು ಬಹುಮಟ್ಟಿಗೆ ಆ ಚಿತ್ರದಿಂದ.

ಚಂದ್ರಶೇಖರ್ ಎಂದೊಡನೆ ನಿಮ್ಮ ಮನಸ್ಸು ಷಿಕಾಗೋದಲ್ಲಿ ನಿಂತಿತೇ? ಕ್ರಿಕೆಟ್ ಪ್ರಿಯರದು ನಿಂತಿರಲಾರದು, ಮೈಸೂರಿನ ಬಿ.ಎಸ್. ಚಂದ್ರಶೇಖರ್ ಆಗಲೇ ರನ್ ಅಪ್ ಶುರುಮಾಡಿರುತ್ತಾರೆ. ಬಾಲ್ಯದಲ್ಲಿ ಪೋಲಿಯೊ ಬಡಿದ ಬಲಗೈ, ಅದೇ ಕೈಯಿಂದ 242 ಟೆಸ್ಟ್ ವಿಕೆಟ್. 1971ರಲ್ಲಿ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಕೆಡವಿದರು. ಅಲ್ಲಿನ ನೆಲದಲ್ಲಿ ನಾವು ಗೆದ್ದ ಮೊದಲ ಸರಣಿ ಅದು. ಮುಖೇಶರ ಹಾಡೆಂದರೆ ಚಂದ್ರರಿಗೆ ಜೀವ.

ಹಾಡುವ ಚಂದ್ರಶೇಖರ ಬೇಕೆಂದರೆ ಬೆಳಗಾವಿ ಜಿಲ್ಲೆಯ ಘೋಡಗೇರಿಗೆ ಹೋಗಬೇಕು. ಅಲ್ಲಿಯ ಚಂದ್ರಶೇಖರ ಕಂಬಾರರು ಓದುವ ಕವಿಯಲ್ಲ, ಹಾಡುವ ಕವಿ. ಲಾವಣಿಯ ಲಯ ಹಿಡಿದು ಸಭೆಯಲ್ಲಿ ಅವರು ದನಿಯೆತ್ತಿದರೆ ಹಿಂದಿನ ಸಾಲಿನವನೂ ತಲೆದೂಗುತ್ತಾನೆ. ಅವರದೇ ‘ಕಾಡು ಕುದುರೆ’ ಚಿತ್ರಕ್ಕೆ ಹಾಡಿ ರಾಷ್ಟ್ರಪ್ರಶಸ್ತಿ ತಂದವರು ಶಿವಮೊಗ್ಗ ಸುಬ್ಬಣ್ಣ.

ಸುಬ್ಬಣ್ಣ! ಅದೇ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ ಅಡಿಕೆ ತೋಟ ನೋಡಿಕೊಳ್ಳುತ್ತಲೇ ಗೆಳೆಯರೊಡನೆ 1949ರಲ್ಲಿ ನೀನಾಸಂ ಕಟ್ಟಿ, ಹಳ್ಳಿಯವರಿಗೆ ಜಗತ್ತಿನ ನಾಟಕವನ್ನೂ ಸಿನಿಮಾವನ್ನೂ ಉಣಬಡಿಸಿ, 1991ರಲ್ಲಿ ಮ್ಯಾಗ್ಸೆಸೆ ಪಡೆದ ಇನ್ನೊಬ್ಬ ಸುಬ್ಬಣ್ಣ ಇದ್ದರಲ್ಲ, ಕೆ.ವಿ. ಸುಬ್ಬಣ್ಣ, ಅವರ ಮಾತೆತ್ತಿದರೆ ಈಗ ರಾತ್ರಿಯ ಊಟಕ್ಕೂ ಇಲ್ಲೇ ಎಲೆ ಹಾಕಬೇಕಾಗುತ್ತದೆ. ಹಾಕೋಣ, ಕುಳಿತುಕೊಳ್ಳಿ.