ಹೋಟ್ಲಿಗೆ ಹೊಸ ಸ್ಪೀಕರ್ ಬೇಕಂತೆ..

ತುಮಕೂರಲ್ಲಿ ನಮ್ಮ ದೊಡ್ಡಪ್ಪನ ಮಗ ಹೋಟ್ಲು ನಡೆಸ್ತಾನೆ. ಬೆಳಿಗ್ಗೆ ತಟ್ಟೆ ಇಡ್ಲಿ, ಮಧ್ಯಾಹ್ನ ಊಟ, ಸಾಯಂಕಾಲ ಮಸಾಲೆದೋಸೆ. ದೊಡ್ಡಪ್ಪನ ಕಾಲದ್ದು. ಈಗ ಅದರ ಸೌಂಡ್ ಸಿಸ್ಟಮ್ ಬದಲಾಯಿಸಬೇಕಂತೆ. "ನೀನು ಎಲೆಕ್ಟ್ರಾನಿಕ್ಸ್ ಓದಿದೋನು, ಒಂದು ಲೆಕ್ಕ ಹಾಕ್ಕೊಡೋ" ಅಂದ ಅಣ್ಣ. ಅವನ ಮಗನಿಗಂತೂ ಬೇಸ್ ಬೇಕು, ಎದೆ ಗುಂಯ್ ಅನ್ನಬೇಕು. ನಾಲ್ಕು ದೊಡ್ಡ ಡಬ್ಬ, ಒಂದು ಸಬ್‌ವೂಫರ್, ಬಜೆಟ್ 60 ಸಾವಿರ ಅಂತ ಪಟ್ಟಿ ಆಗಲೇ ರೆಡಿ ಮಾಡಿ ಇಟ್ಟಿದ್ದ.

ಈಗಿರೋದು ಗಲ್ಲಾದ ಮೇಲೆ ಒಂದೇ ಒಂದು ಸ್ಪೀಕರ್. ಅದರ ಕಷ್ಟ ಏನು ಅಂದ್ರೆ, ಬಯಲಲ್ಲಿ ಒಂದು ಮೀಟರ್ ದೂರಕ್ಕೆ ಕೇಳೋ ಸದ್ದು ಎರಡು ಮೀಟರಿಗೆ 6 ಡೆಸಿಬಲ್ ಇಳಿಯುತ್ತೆ, ನಾಲ್ಕಕ್ಕೆ 12, ಎಂಟಕ್ಕೆ 18. ಕೊನೇ ಟೇಬಲ್ಲಿಗೆ 65 ತಲುಪಬೇಕಂದ್ರೆ ಸ್ಪೀಕರ್ ಬುಡದಲ್ಲಿ ಕೂತೋನಿಗೆ 83! ಒಳಗಡೆ ಗೋಡೆಗಳಿಂದ ವಾಪಸ್ ಬರೋ ಸದ್ದೂ ಸೇರಿ ಇಷ್ಟೊಂದು ಇಳಿಯಲ್ಲ, ನಿಜ. ಆದ್ರೆ ಹಾಗೆ ಸೇರೋದು ಹಾಡಲ್ಲ, ಬರೀ ಗದ್ದಲ.

ನನಗೆ ತಲೆಕೆಡಿಸಿದ್ದು ಇದಲ್ಲ. ಅಲ್ಲಿ ಸಪ್ಲೈ ಮಾಡೋರೊಬ್ಬರಿದ್ದಾರೆ, ದೊಡ್ಡಪ್ಪ ಇದ್ದಾಗಿಂದಲೂ ಇರೋರು. ಈಚೆಗೆ ಎಡಗಿವಿ ಮಂದ. ಗಿರಾಕಿಯ ಬಾಯಿ ನೋಡ್ಕೊಂಡು, ಬಲಗಿವಿ ಕೊಟ್ಟು, ಆರ್ಡರ್ ತಗೋತಾರೆ. ಯಾರಿಗೂ ಗೊತ್ತಾಗಲ್ಲ. ಹೊಸ ಸಿಸ್ಟಮ್ ಬಂದು ಅವರಿಗೆ ಎರಡು ಸಲ ಕೇಳಿದ್ರೂ ಕೇಳಿಸದೆ ಹೋದ್ರೆ, ಮೂರನೇ ಸಲ ಗಿರಾಕಿ ಗಲ್ಲಾಕ್ಕೇ ಬಂದು ಹೇಳ್ತಾನೆ. ಆಮೇಲೆ ಏನಾಗುತ್ತೆ ಅಂತ ಅವರಿಗೂ ಗೊತ್ತು, ಅಣ್ಣನಿಗೂ ಗೊತ್ತು. "ಸ್ಪೀಕರ್ ಎಲ್ಲಿ ಹಾಕ್ತೀರಪ್ಪಾ?" ಅಂತ ಅವರು ನನ್ನ ಹತ್ತಿರ ಕೇಳಿದ್ದು ಒಂದೇ ಸಲ, ಟೇಬಲ್ ಒರೆಸ್ತಾ.

ಗಿರಾಕಿ ಇರೋದು ಕಾಲು ಗಂಟೆ. ಸಪ್ಲೈಯರ್ರು, ಕ್ಲೀನರ್ರು ದಿನವಿಡೀ. ಅಮೆರಿಕದ ನಿಯಾಶ್ ಸಂಸ್ಥೆ ಕೆಲಸದ ಜಾಗಕ್ಕೆ ಹೇಳೋ ಮಿತಿ ದಿನಕ್ಕೆ 8 ಗಂಟೆ, 85 ಡೆಸಿಬಲ್. ಅದಕ್ಕಿಂತ ಬರೀ 3 ಜಾಸ್ತಿ ಆದ್ರೆ ಸಮಯ ಅರ್ಧ, ಅಂದ್ರೆ 4 ಗಂಟೆ. ಮೊಬೈಲಲ್ಲಿ ಅಳೆದೆ. ಮಧ್ಯಾಹ್ನ ಒಂದೂವರೆಗೆ, ಹಾಡು ಆಫ್ ಮಾಡಿಸಿ: 76. ಹಾಡಿಲ್ಲದೇನೇ! ಇದರ ಮೇಲೆ ಹಾಡು ಕೇಳಿಸಬೇಕಂದ್ರೆ 80 ದಾಟಬೇಕು. ಆಗ ಜನ ಇನ್ನೂ ಗಟ್ಟಿಯಾಗಿ ಮಾತಾಡ್ತಾರೆ. ಸುತ್ತಲ ಸದ್ದು ಏರಿದ ಹಾಗೆ ನಮಗೆ ಅರಿವಿಲ್ಲದೇ ನಮ್ಮ ದನಿಯೂ ಏರುತ್ತೆ ಅನ್ನೋದನ್ನ 1911ರಲ್ಲೇ ಲೊಂಬಾರ್ಡ್ ಅನ್ನೋ ಫ್ರೆಂಚ್ ಡಾಕ್ಟರು ಬರೆದಿಟ್ಟಿದ್ದಾನೆ. ಹಾಡು ಜನರ ಮೇಲೆ, ಜನ ಹಾಡಿನ ಮೇಲೆ..

ಒಂದು ಭಾನುವಾರ ಗುಬ್ಬಿಗೆ ಹೋದೆ. ಇಪ್ಪತ್ತು ಕಿಲೋಮೀಟರ್ ಅಷ್ಟೇ. ಅಲ್ಲಿ ನನ್ನ ಗೆಳೆಯನೊಬ್ಬ ಜಾತ್ರೆ, ಮದುವೆ, ನಾಟಕಕ್ಕೆಲ್ಲ ಮೈಕ್ ಸೆಟ್ ಬಾಡಿಗೆಗೆ ಕೊಡ್ತಾನೆ. ವೀರಣ್ಣನವರ ಕಂಪನಿ ಹುಟ್ಟಿದ ಊರು ನೋಡಿ (ಕಂಪನಿ ಶುರುವಾಗಿದ್ದು 1884ರಲ್ಲಿ, ವೀರಣ್ಣನವರು ಹುಟ್ಟೋಕೂ ಮುಂಚೆ). ಆಗೆಲ್ಲ ಮೈಕಿಲ್ಲದೇ ಕಂಠದಲ್ಲೇ ಹಿಂದಿನ ಸಾಲಿಗೆ ಮುಟ್ಟಿಸಬೇಕಿತ್ತು. ಅಂಥ ಊರಿನ ಮೈಕ್ ಸೆಟ್‌ನವನು ಹೇಳಿದ್ದು ಕೇಳಿ: "ಹೋಟ್ಲಿಗೆ ದೊಡ್ಡದು ಯಾಕೋ? ಸಣ್ಣವು ಎಂಟು ಹಾಕು, ಎಲ್ಲಾನೂ ಪಿಸುಗುಟ್ಟಲಿ." ಅಹುಜಾ ಆಂಪ್ಲಿಫೈಯರಿನ ಹಿಂದೆ 4, 8, 16 ಓಮ್ ಪಕ್ಕ 100 ವೋಲ್ಟ್ ಅಂತ ಒಂದು ಟರ್ಮಿನಲ್ ಇರುತ್ತಲ್ಲ, ಅದು ಇದಕ್ಕೇ. ಪ್ರತಿ ಸ್ಪೀಕರಿಗೂ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್, ಅದರಲ್ಲಿ 6, 3, 1.5 ವಾಟ್ ಅಂತ ಬೇಕಾದ್ದಕ್ಕೆ ಕಟ್ಟಬಹುದು. ಎಂಟು ಸ್ಪೀಕರ್, ತಲಾ 3 ವಾಟ್, ಒಟ್ಟು 24. ಒಂದು 60 ವಾಟಿನ ಆಂಪ್ಲಿಫೈಯರ್ ಆರಾಮಾಗಿ ಎಳೆಯುತ್ತೆ. 24 ವಾಟಿಗೆ ಲೈನಲ್ಲಿ ಹರಿಯೋದು ಕಾಲು ಆಂಪಿಯರಿಗಿಂತ ಕಮ್ಮಿ, ಸಣ್ಣ ವೈರೇ ಸಾಕು. ಮಗರಾಯನ ಮುಖ ಸಪ್ಪಗಾಯ್ತು ಬಿಡಿ. "ಅರವತ್ತು ವಾಟಾ? ನನ್ ಬೈಕ್ ಹೆಡ್‌ಲೈಟೇ ಅಷ್ಟಿದೆ ಚಿಕ್ಕಪ್ಪ!"

ಅವನ ಸಮಾಧಾನಕ್ಕೆ ಅಂತ ಅವನನ್ನೇ ಕೂರಿಸ್ಕೊಂಡು ಕುಣಿಗಲ್‌ಗೆ ಹೋದೆ. ಹಾಸನ, ಮಂಗಳೂರು ಕಡೆ ಹೋಗೋರು ತಿಂಡಿಗೆ ನಿಲ್ಲಿಸೋ ಒಂದು ಹೈವೇ ಹೋಟ್ಲಲ್ಲಿ ಅವನ ಪಟ್ಟೀಲಿದ್ದಂಥದ್ದೇ ನಾಲ್ಕು ಡಬ್ಬ, ಮೂಲೆಗೊಂದು. ಸೌಂಡೇನೋ ಜೋರು. ಸಪ್ಲೈಯರ್ ಹುಡುಗ ನಮ್ಮ ಹತ್ತಿರ ಬಂದು ಬಾಯಿ ಬಿಡಲೇ ಇಲ್ಲ, ಬೆರಳಲ್ಲೇ ಎರಡಾ ಮೂರಾ ಅಂದ. ನಾನೂ ಬೆರಳಲ್ಲೇ ಹೇಳಿದೆ. ಪಕ್ಕದ ಟೇಬಲ್ಲಿನ ಮುದುಕಮ್ಮ ಮೊಮ್ಮಗೂಗೆ ಏನೋ ಹೇಳೋಕೆ ನೋಡಿ ಸುಮ್ಮನಾದರು. ನಮ್ಮ ಹುಡುಗ ಕಾಫಿ ಮುಗಿಸಿ ಹೊರಗೆ ಬಂದ ಮೇಲೆ, "ಅಲ್ಲಿ ಜನ ಹತ್ತು ನಿಮಿಷಕ್ಕೆ ಎದ್ದೋಗ್ತಾರೆ, ನಮ್ಮಲ್ಲಿ ಬೆಳಿಗ್ಗೆ ಬರೋ ರಿಟೈರ್ಡ್ ಮೇಷ್ಟ್ರುಗಳು ಗಂಟೆಗಟ್ಲೆ ಮಾತಾಡ್ತಾರಲ್ವಾ" ಅಂದ. ಅಷ್ಟು ಸಾಕಾಯ್ತು.

ವಿಷಯ ಇರೋದು ಸ್ಪೀಕರಲ್ಲೇ ಅಲ್ಲ, ಹಾಲ್‌ನಲ್ಲಿ. 1895ರ ಹೊತ್ತಿಗೆ ಹಾರ್ವರ್ಡಿನಲ್ಲಿ ಸಬೈನ್ ಅನ್ನೋ ಮೇಷ್ಟ್ರಿಗೆ, ಏನು ಮಾತಾಡಿದ್ರೂ ಕಲಸಿಹೋಗ್ತಿದ್ದ ಒಂದು ಲೆಕ್ಚರ್ ಹಾಲ್ ಸರಿಮಾಡೋ ಕೆಲಸ ಬಿತ್ತು. ಆತ ಪಕ್ಕದ ಥಿಯೇಟರಿನ ಸೀಟಿನ ಮೆತ್ತೆಗಳನ್ನ ರಾತ್ರಿ ಹೊತ್ಕೊಂಡು ಬಂದು, ಒಂದೊಂದು ಮೆತ್ತೆಗೂ ಸದ್ದು ಎಷ್ಟು ಬೇಗ ಸಾಯುತ್ತೆ ಅಂತ ಅಳೆದು, ಬೆಳಗಾಗೋದರೊಳಗೆ ವಾಪಸ್ ಇಡ್ತಿದ್ದನಂತೆ. ಹಾಗೆ ಹುಟ್ಟಿದ ಸೂತ್ರ ಇವತ್ತಿಗೂ ನಡೀತಿದೆ. ನಮ್ಮ ಹಾಲ್‌ಗೆ ಹಾಕಿ ನೋಡಿದೆ. 12 ಮೀಟರ್ ಉದ್ದ, 6 ಅಗಲ, 3.5 ಎತ್ತರ, ನೆಲಕ್ಕೆ ಗ್ರಾನೈಟ್, ಗೋಡೆಗೆ ಟೈಲ್ಸ್, ಮೇಲೆ ಆರ್‌ಸಿಸಿ. ಸದ್ದು ಹೀರ್ಕೊಳ್ಳೋಕೆ ಇರೋದು ಕೂತಿರೋ ಮೂವತ್ತು ಜನ ಮಾತ್ರ! ಸದ್ದು ಅಡಗೋಕೆ ಸುಮಾರು 2.3 ಸೆಕೆಂಡ್. ಚಾವಣಿಯ 40 ಚದರ ಮೀಟರಿಗೆ ಸದ್ದು ಹೀರೋ ಮಿನರಲ್ ಫೈಬರ್ ಟೈಲ್ ಹಾಕಿದ್ರೆ 0.9. ನಯವಾದ ಜಿಪ್ಸಮ್ ಬೋರ್ಡ್ ಆಗಲ್ಲ, ಅದು ಮಾತಿನ ಸದ್ದನ್ನ ಹಾಗೇ ವಾಪಸ್ ಕಳಿಸುತ್ತೆ. ಫಾಲ್ಸ್ ಸೀಲಿಂಗ್‌ನೋರು ಬೇಡ ಅಂದ್ರೂ ಅದನ್ನೇ ತೋರಿಸ್ತಾರೆ.

ಹಾಡಿನ ವಿಷಯ ಬೇರೆ ಇದೆ. ಹೋಟ್ಲಲ್ಲಿ ಹಾಡು ಹಾಕೋದಕ್ಕೆ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು, ಧ್ವನಿಮುದ್ರಣಕ್ಕೊಂದು, ಸಾಹಿತ್ಯ-ಸಂಗೀತಕ್ಕೊಂದು. ಸ್ವಂತ ಮೊಬೈಲಿನ ಚಂದಾ ಇದಕ್ಕೆ ನಡೆಯಲ್ಲ. "ಬೇಡರ ಕಣ್ಣಪ್ಪ (1954) ಥರ ಹಳೇದೇ ಹಾಕ್ತೀನಿ, ಅದು ನಮ್ಮ ಗುಬ್ಬಿ ಕಂಪನೀದು" ಅಂದ ಅಣ್ಣ. ಮುದ್ರಣದ ಹಕ್ಕು 60 ವರ್ಷಕ್ಕೆ ಮುಗಿಯುತ್ತೆ ಸರಿ, ಆದ್ರೆ ಸಾಹಿತ್ಯ-ಸಂಗೀತದ್ದು ಬರೆದೋರು ತೀರಿಕೊಂಡ ಮೇಲೆ 60 ವರ್ಷ. ದುಡ್ಡು ಕಟ್ಟೋದೇ ವಾಸಿ ಅಂದೆ.

ಈಗಿನ ಪ್ಲಾನು ಹೀಗಿದೆ. ಬಜೆಟ್ಟಿನ ಮುಕ್ಕಾಲು ಪಾಲು ಚಾವಣಿಗೆ, ಉಳಿದದ್ದರಲ್ಲಿ ಏಳು ಸಣ್ಣ ಸ್ಪೀಕರ್. ಎಂಟನೇದು ಅಡಿಗೆಮನೆ ಬಾಗಿಲ ಹತ್ತಿರ ಬರಬೇಕಿತ್ತು, ಆರ್ಡರ್ ಕೂಗೋ ಜಾಗ ಅದು, ತೆಗೆಸಿದೆ. ಆ ಬದಿಯ ನಾಲ್ಕು ಟೇಬಲ್ ಇನ್ನು ಮೇಲೆ ಆ ಹಿರಿಯರ ಪಾಲಿಗೆ ಅಂತ ಅಣ್ಣ ತಾನಾಗೇ ಹೇಳಿದ. ಸಬ್‌ವೂಫರ್ ಬಗ್ಗೆ ಮಗ ಇನ್ನೂ ಪೂರ್ತಿ ಕೈಬಿಟ್ಟಿಲ್ಲ.

ಒಂದೇ ಅನುಮಾನ ಉಳಿದಿರೋದು. ದೋಸೆ ಕಲ್ಲಿನ ಎಣ್ಣೆ ಹೊಗೆಗೆ ಆ ಟೈಲು ಎಷ್ಟು ವರ್ಷ ತಡೆಯುತ್ತೆ? ಒರೆಸಿದ್ರೆ ತೂತು ಮುಚ್ಚಿಹೋಗಿ ಹೀರೋ ಗುಣ ಹೋಗಲ್ವಾ? ನಿಮ್ಮಲ್ಲಿ ಯಾರಾದ್ರೂ ಹೋಟ್ಲಿಗೆ ಹಾಕಿಸಿದ್ರೆ ದಯವಿಟ್ಟು ತಿಳಿಸಿ. ಸೀಲಿಂಗ್‌ನವನು ಬರೋ ಸೋಮವಾರ ಅಳತೆಗೆ ಬರ್ತಾನೆ.