ತೊಂಬತ್ತೊಂಬತ್ತು ವರ್ಷದ ಗೋಡೆ

1933ರ ಮೇ 27ರ ರಾತ್ರಿ ಶಿಕಾಗೊ ನಗರ ಸ್ವಾತಿ ನಕ್ಷತ್ರದ ಬೆಳಕಿನಿಂದ ದೀಪ ಹಚ್ಚಿಕೊಂಡಿತು. ವಿವೇಕಾನಂದರು ಮಾತಾಡಿ ಬಂದ 1893ರ ಮಹಾಮೇಳದ ಕಾಲಕ್ಕೆ ಸ್ವಾತಿಯಿಂದ ಹೊರಟ ಬೆಳಕು ನಲವತ್ತು ವರ್ಷ ದಾರಿ ಸವೆಸಿ ಈಗ ಭೂಮಿ ಮುಟ್ಟಿದೆ ಎಂಬುದು ಅಂದಿನ ಲೆಕ್ಕ. ದೂರದರ್ಶಕಗಳು ಅದನ್ನು ಹಿಡಿದವು, ವಿದ್ಯುತ್ ಸಂಕೇತವಾಗಿಸಿದವು. ಮಿಚಿಗನ್ ಸರೋವರದ ದಂಡೆಯ ‘ಪ್ರಗತಿಯ ಶತಮಾನ’ ಪ್ರದರ್ಶನ ಝಗ್ಗೆಂದು ಬೆಳಗಿತು. 628 ಅಡಿ ಎತ್ತರದ ಎರಡು ಗೋಪುರ, ನಡುವೆ ತಂತಿ, ತಂತಿಯ ಮೇಲೆ ತೇಲುವ ಬಂಡಿಗಳಲ್ಲಿ ಕೇಕೆ ಹಾಕುವ ಜನ! ಆ ಊರಿನ ಮೇಷ್ಟ್ರುಗಳಿಗೆ ಮಾತ್ರ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. ಹೊಟ್ಟೆಯ ಸಂಕಟ ತಾಳಲಾರದೆ ಹಿಂದಿನ ತಿಂಗಳಷ್ಟೇ ಅವರು ಬ್ಯಾಂಕುಗಳಿಗೆ ನುಗ್ಗಿದ್ದರು.

ಅಲ್ ಕಪೋನ್ ಜೈಲು ಸೇರಿದ್ದ. ಅವನ ಗ್ಯಾಂಗು ಫ್ರಾಂಕ್ ನಿಟ್ಟಿಯ ಕೈಯಲ್ಲಿ ಸುಭದ್ರವಾಗಿತ್ತು. ಪಾನನಿಷೇಧ ಕೊನೆಯುಸಿರು ಎಳೆಯುತ್ತಿತ್ತು. ಕಳ್ಳ ಬಿಯರಿನ ದುಡ್ಡು ಬತ್ತಿದರೆ ಮುಂದೇನು? ಗ್ಯಾಂಗಿನ ಕಣ್ಣು ಕಾರ್ಮಿಕ ಸಂಘಗಳ ಗಲ್ಲಾಪೆಟ್ಟಿಗೆಯ ಮೇಲೆ ಬಿತ್ತು. ಊರ ಹೊರವಲಯದಲ್ಲಿ ಅವರಿಗೆ ಅಡ್ಡವಾಗಿ ನಿಂತವನು ರೋಜರ್ ಟೂಯಿ. ಪೊಲೀಸನ ಮಗ. ಅವನೂ ಕಳ್ಳ ಬಿಯರ್ ಮಾರಿ ದುಡ್ಡು ಮಾಡಿದವನೇ, ಸಂತನಲ್ಲ. ಆದರೆ ಮಾಡದ ತಪ್ಪಿಗೆ ಒಬ್ಬನನ್ನು ಬದುಕಿದ್ದಂತೆಯೇ ಹೂತುಹಾಕುವುದಕ್ಕೆ ಅವನ ಹಳೆಯ ಪಾಪಗಳು ಎಂದಿಗೂ ಸಮರ್ಥನೆಯಾಗಲಾರವು.

ಪ್ರದರ್ಶನ ಶುರುವಾಗಿ ಐದು ವಾರ. ಜುಲೈ 1ರ ನಸುಕು. ಜೇಕ್ ಫ್ಯಾಕ್ಟರ್ ಎಂಬ ಧನಿಕ ಜೂಜಿನ ಮನೆಯಿಂದ ಹೊರಬಿದ್ದವನು ದಾರಿಯಲ್ಲೇ ಮಾಯವಾದ. ಭಾರಿ ಷೇರು ವಂಚನೆಯ ಆರೋಪ ಹೊರಿಸಿ ಬ್ರಿಟನ್ ಅವನನ್ನು ತನ್ನ ವಶಕ್ಕೆ ಕೇಳುತ್ತಿದ್ದ ಹೊತ್ತದು! ಹನ್ನೆರಡು ದಿನ ಕಳೆದು ಗಡ್ಡ ಬೆಳೆಸಿಕೊಂಡು ಪ್ರತ್ಯಕ್ಷನಾದ. ಅಪಹರಣವಂತೆ. ಮಾಡಿದವನು ಟೂಯಿಯಂತೆ. ಮುಖ್ಯ ಸಾಕ್ಷಿ ಅಮೆರಿಕದಲ್ಲೇ ಇರಬೇಕಲ್ಲವೇ? ಬ್ರಿಟನ್ನಿನ ಕುಣಿಕೆ ಸಡಿಲವಾಯಿತು.

ಟೂಯಿ ಆ ಜುಲೈಯಲ್ಲಿ ವಿಸ್ಕಾನ್ಸಿನ್‌ನಿಂದ ಬರುವಾಗ ಅವನ ಕಾರು ಕಂಬಕ್ಕೆ ಗುದ್ದಿ ಸಿಕ್ಕಿಬಿದ್ದ. ಮೊದಲು ಬೇರೊಂದು ಅಪಹರಣ ತಲೆಗೆ ಕಟ್ಟಿದರು, ಖುಲಾಸೆಯಾದ. ಮತ್ತೆ ಫ್ಯಾಕ್ಟರ್ ಮೊಕದ್ದಮೆ. ಮೊದಲ ಜ್ಯೂರಿಯಲ್ಲಿ ಒಮ್ಮತ ಮೂಡಲಿಲ್ಲ. 1934ರ ಫೆಬ್ರವರಿಯಲ್ಲಿ ಎರಡನೆಯದು ತೀರ್ಪು ಕೊಟ್ಟಿತು: ತೊಂಬತ್ತೊಂಬತ್ತು ವರ್ಷ.

ಸ್ಟೇಟ್‌ವಿಲ್ ಜೈಲು. ಮೂವತ್ತಡಿಗೂ ಮೀರಿದ ಗೋಡೆ, ಮೂಲೆಮೂಲೆಗೆ ಬಂದೂಕಿನ ಗೋಪುರ. ಮೇಲ್ಮನವಿಗಳು ಒಂದೊಂದಾಗಿ ಬಿದ್ದುಹೋದವು. ಎಂಟು ವರ್ಷ ಉರುಳಿದವು. ಕಾನೂನಿನ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ ಮನುಷ್ಯ ಮತ್ತೇನು ಮಾಡಿಯಾನು?

1942ರ ಅಕ್ಟೋಬರ್ 9. ಜೈಲಿನೊಳಗೆ ಕಸದ ಲಾರಿ ಗುರುಗುಟ್ಟುತ್ತ ಬರುತ್ತದೆ. ಟೂಯಿ ಅದರ ಮೇಲೆ ಎರಗುತ್ತಾನೆ. ಚಾಲಕನನ್ನು ಕೆಳಗೆ ತಳ್ಳಿ ಸ್ಟಿಯರಿಂಗ್ ಹಿಡಿದು ಸೀದಾ ವರ್ಕ್‌ಶಾಪಿಗೆ! ಅಲ್ಲಿ ಏಣಿಗಳಿವೆ. ಜೊತೆಗೆ ಜೈಲು ಮುರಿಯುವುದರಲ್ಲಿ ನುರಿತ, ‘ಗೂಬೆ’ ಎಂದೇ ಹೆಸರಾದ ಬ್ಯಾಂಗ್‌ಹಾರ್ಟ್, ಇನ್ನೂ ಐವರು ಕೈದಿಗಳು. ಕದ್ದುಮುಚ್ಚಿ ಒಳಗೆ ತಂದ ಪಿಸ್ತೂಲುಗಳು ಹೊರಬರುತ್ತವೆ. ಕಾವಲುಗಾರರು ಒತ್ತೆಯಾಳುಗಳಾಗುತ್ತಾರೆ. ಏಣಿ ಹೇರಿಕೊಂಡ ಲಾರಿ ಗೋಪುರದತ್ತ ನುಗ್ಗುತ್ತದೆ. ಮೇಲಿನಿಂದ ಬಂದೂಕು ಕೆಳಗಿಣುಕುವಷ್ಟರಲ್ಲಿ ಢಂ! ಢಂ! ಗುಂಡು ಹಾರುತ್ತದೆ, ಗೋಪುರದ ಕಾವಲುಗಾರ ಗಾಯಗೊಳ್ಳುತ್ತಾನೆ. ಏಣಿ ಗೋಡೆಗೆ ಒರಗುತ್ತದೆ. ಮೆಟ್ಟಿಲ ಮೇಲೆ ಮೆಟ್ಟಿಲು, ಒಬ್ಬನ ಹಿಂದೆ ಒಬ್ಬ. ಕಾಲು ಜಾರಿದರೆ ಮುಗಿಯಿತು, ಇನ್ನೊಂದು ಗೋಪುರದಿಂದ ಗುಂಡು ಬಂದರೂ ಮುಗಿಯಿತು. ಅಗೋ, ಗೋಡೆಯ ನೆತ್ತಿ! ಆಚೆ ಕೆಳಗೆ ಕಾವಲುಗಾರನದೇ ಕಾರು. ಹತ್ತಿದರು, ಹಾರಿದರು. ಏಳು ಮಂದಿ ಧೂಳೆಬ್ಬಿಸಿ ಮಾಯ!

ಶಿಕಾಗೊದಲ್ಲಿ ಬಾಡಿಗೆ ಮನೆಗಳು, ಸುಳ್ಳು ಹೆಸರುಗಳು. ಬಾಗಿಲು ಬಡಿದರೆ ಎದೆ ಬಡಿತ. ಎರಡನೇ ಮಹಾಯುದ್ಧದ ದಿನಗಳು. ಸೈನ್ಯಭರ್ತಿ ಕಚೇರಿಗೆ ವಿಳಾಸ ಬದಲಾದದ್ದನ್ನು ತಿಳಿಸಲಿಲ್ಲ ಎಂಬ ಎಳೆ ಹಿಡಿದು ಎಫ್‌ಬಿಐ ಬೆನ್ನುಬಿತ್ತು. ಡಿಸೆಂಬರ್ 29ರ ಬೆಳಗಿನ ಜಾವದೊಳಗೆ ಬೇಟೆ ಮುಗಿಯಿತು. ಇಬ್ಬರು ಗುಂಡಿಗೆ ಬಲಿಯಾದರು. ಟೂಯಿ ಇದ್ದ ಮನೆಗೆ ಕಣ್ಣು ಕೋರೈಸುವ ದೀಪ ಬಿಟ್ಟು ಸುತ್ತುವರಿದರು. ಎಫ್‌ಬಿಐ ಮುಖ್ಯಸ್ಥ ಹೂವರ್ ಖುದ್ದಾಗಿ ಬಂದಿದ್ದರು. ಟೂಯಿ ಕೈ ಮೇಲೆತ್ತಿ ಹೊರಬಂದ. ಇನ್ನೊಬ್ಬ ಕೈದಿ ಓಡಿಹೋಗಲು ನೆರವಾದ ತಪ್ಪಿಗೆ ಶಿಕ್ಷೆಗೆ 199 ವರ್ಷ ಜಮೆಯಾಯಿತು.

ಅವನು ಸೋಲೊಪ್ಪಲಿಲ್ಲ. ಈ ಛಲಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ. ಗೋಡೆ ಹಾರಿದ್ದಕ್ಕಿಂತ ಕಠಿಣ ಸಾಹಸ, ಕಾಗದಪತ್ರಗಳನ್ನು ಹಿಡಿದು ಮತ್ತೆ ಹನ್ನೆರಡು ವರ್ಷ ಹೋರಾಡಿದ್ದು. 1954ರಲ್ಲಿ ಫೆಡರಲ್ ನ್ಯಾಯಾಧೀಶ ಜಾನ್ ಬಾರ್ನ್ಸ್ ಸ್ಪಷ್ಟವಾಗಿ ಬರೆದರು: ಫ್ಯಾಕ್ಟರ್ ಅಪಹರಣ ನಡೆದೇ ಇಲ್ಲ, ಅದೊಂದು ನಾಟಕ. ಟೂಯಿ ಹೊರಬಂದ. ಎರಡು ದಿನ ದಾಟುವುದರೊಳಗೆ ಮೇಲಿನ ಕೋರ್ಟಿನ ಆದೇಶದಿಂದ ಮತ್ತೆ ಒಳಗೆ! ಕಡೆಗೂ ಪೆರೋಲ್ ಸಿಕ್ಕಿದ್ದು 1959ರ ನವೆಂಬರ್ 24ಕ್ಕೆ.

ಡಿಸೆಂಬರ್ 16ರ ರಾತ್ರಿ ತಂಗಿದ್ದ ಸಹೋದರಿಯ ಮನೆಯ ಮೆಟ್ಟಿಲು ಹತ್ತುತ್ತಿದ್ದವನ ಮೇಲೆ ಕತ್ತಲಿನಿಂದ ಶಾಟ್‌ಗನ್ ಸಿಡಿಯಿತು. ಆಸ್ಪತ್ರೆ ಸೇರಿದರೂ ಅವನು ಉಳಿಯಲಿಲ್ಲ. ಕೊಂದವರಿಗೆ ಶಿಕ್ಷೆಯಾಗಲಿಲ್ಲ. ಮುಂದೆ ಅಂಚೆ ವಂಚನೆಯೊಂದರಲ್ಲಿ ಜೈಲು ಕಂಡಿದ್ದ ಫ್ಯಾಕ್ಟರ್‌ಗೆ 1962ರಲ್ಲಿ ಅಧ್ಯಕ್ಷ ಕೆನಡಿ ಕ್ಷಮಾದಾನ ಕೊಟ್ಟರು.