'ಕಾಲಾ' ಹಾಡುಗಳು ಮತ್ತು ನಮ್ಮ ಕೇರಿಯ ತಮಟೆ

ಗೆಳೆಯರೇ, ಸಿನಿಮಾ ಹಾಡಿನ ಬಗ್ಗೆ ಇಂಥ ಪತ್ರಿಕೆಯಲ್ಲಿ ಬರೆಯೋದೇನಿದೆ ಅಂತ ನೀವು ಕೇಳಬಹುದು. ಬಿಳಿಗೆರೆ ಸುತ್ತಿನ ತೆಂಗಿನ ತೋಟಗಳಲ್ಲಿ ಕೂಲಿ ಮಾಡುವ ನಮ್ಮ ಹುಡುಗರ ಬಾಯಲ್ಲಿ ಭಾವಗೀತೆ ಇಲ್ಲ, ನವ್ಯ ಕಾವ್ಯವಂತೂ ಇಲ್ಲವೇ ಇಲ್ಲ. ಇರೋದು ಸಿನಿಮಾ ಹಾಡು. ಕಾಯಿ ಸುಲಿಯುವಾಗ, ಮಟ್ಟೆ ಒಟ್ಟುವಾಗ, ತಿಪಟೂರಿಗೆ ಹೋಗುವ ಬಸ್ಸಿನಲ್ಲಿ ಅದೇ. ಅದನ್ನು ಕೀಳು ಅಂತ ಬದಿಗೆ ಸರಿಸಿ ಕೂತರೆ ನಮ್ಮ ಸಾಹಿತ್ಯದ ಮಾತು ನಮ್ಮ ನಮ್ಮಲ್ಲೇ ಉಳಿಯುತ್ತದೆ.

2018ರಲ್ಲಿ ಈ ಹುಡುಗರಿಗೆ ತಮಿಳು ಹಾಡಿನ ಹುಚ್ಚು ಹಿಡಿಯಿತು. ಪಾ. ರಂಜಿತ್ ನಿರ್ದೇಶಿಸಿದ, ರಜನೀಕಾಂತ್ ನಟಿಸಿದ 'ಕಾಲಾ' ಚಿತ್ರದ ಹಾಡುಗಳು. ಸಂಗೀತ ಸಂತೋಷ್ ನಾರಾಯಣನ್ ಅವರದು. ಮೊದಲ ಹಾಡು ಬಂದದ್ದು ಮೇ 1ರ ಕಾರ್ಮಿಕರ ದಿನ. ಒಂಬತ್ತು ಹಾಡುಗಳ ಇಡೀ ಆಲ್ಬಂ ಬಂದದ್ದು ಮೇ 9ಕ್ಕೆ. ಅದರಲ್ಲಿ ಹಿಪ್ ಹಾಪ್ ತುಂಬಿಕೊಂಡಿದೆ. ಅಂದರೆ ರಾಗ ಎಳೆಯುವ ಗೋಜಿಲ್ಲ, ಮಾತನ್ನೇ ತಾಳಕ್ಕೆ ಕಟ್ಟಿ ಎದುರಿಗಿದ್ದವನ ಮುಖಕ್ಕೆ ಹೊಡೆಯೋದು. ಚಿತ್ರದ ಕತೆ ಮುಂಬಯಿಯ ಧಾರಾವಿಯದು. ಆ ಮಾತು ಕಟ್ಟಿದವರಲ್ಲಿ ಧಾರಾವಿಯ ಹುಡುಗರೇ ಇದ್ದರು, 'ಡೋಪ್‌ಅಡೆಲಿಕ್ಸ್' ಅನ್ನೋ ತಂಡದವರು. ಹಾಡಿದ್ದಷ್ಟೇ ಅಲ್ಲ, ತೆರೆಯ ಮೇಲೆ ಕೂಡ ಅವರೇ ಬಂದು ನಿಂತರು. ಜೊತೆಗೆ ಅರಿವು ಎಂಬ ಯುವಕವಿ, ಕಬಿಲನ್, ಉಮಾದೇವಿ ಬರೆದರು. ಕೊಳೆಗೇರಿಯವರ ಪರವಾಗಿ ಬೇರೆ ಯಾರೋ ಕಣ್ಣೀರು ಹಾಕುವ ಹಾಡನ್ನು ನಾವು ಬಹಳ ಕೇಳಿದ್ದೇವೆ. ಇದು ಆ ಜಾತಿಯದಲ್ಲ.

ನಮ್ಮಲ್ಲಿ ತಮಿಳು ಬಲ್ಲವರು ಯಾರು? ಬೆಂಗಳೂರಿನಲ್ಲಿ ನಾಲ್ಕು ವರ್ಷ ಗಾರೆ ಕೆಲಸ ಮಾಡಿ ಬಂದ ಒಬ್ಬ ಹುಡುಗನಿದ್ದ. ಅಲ್ಲಿ ತಮಿಳು ಕೂಲಿಗಳ ಜೊತೆ ಉಂಡು ಮಲಗಿ ಭಾಷೆ ಕಲಿತಿದ್ದ. ಸುಲಿದ ಸಿಪ್ಪೆಯ ಗುಡ್ಡೆ ಮೇಲೆ ಫೋನಿಟ್ಟುಕೊಂಡು ಅವನೇ ಅರ್ಥ ಹೇಳೋನು. "ನೆಲದ ವಿಷ್ಯ ಮಾತಾಡ್ತಾವ್ರೆ ಕಣ್ರಲಾ, ಬರೀ ಕುಣಿಯೋ ಹಾಡಲ್ಲ ಇದು" ಅಂದ. ಎಲ್ಲರೂ ಕೈ ನಿಲ್ಲಿಸಿದರು.

ನೆಲ ಅಂದರೆ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಎತ್ತ ನೋಡಿದರೂ ತೆಂಗು. ಕಾಯಿ ಕೆಡವುವಾಗ, ಹೊರುವಾಗ, ಅಟ್ಟಕ್ಕೆ ಏರಿಸುವಾಗ ಕೇರಿಯ ಕೈ ಬೇಕು. ಅಟ್ಟದ ಮೇಲೆ ಆ ಕಾಯಿ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಬಿದ್ದಿರುತ್ತದೆ. ಒಳಗಿನ ನೀರು ಇಂಗಿ, ಕರಟ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಸುಲಿದು, ಕರಟ ಒಡೆದು ಉಂಡೆ ಕೊಬ್ಬರಿ ತೆಗೆಯೋದು. ತಿಪಟೂರು ಮಾರುಕಟ್ಟೆಯಲ್ಲಿ ಆ ಕೊಬ್ಬರಿಯ ದರ ಏರಿತು, ಇಳಿಯಿತು ಅಂತ ಪೇಪರಿನಲ್ಲಿ ಬರುತ್ತದೆ. ಸುಲಿದವನ ಕೂಲಿ ಏರಿತೋ ಇಳಿಯಿತೋ, ಅದು ಬರುವುದಿಲ್ಲ. ಇಂಥ ಕಡೆ ಕೂತು ಕೇಳಿದರೆ 'ಕಾಲಾ' ಮುಂಬಯಿಯ ಕತೆ ಅನ್ನಿಸುವುದಿಲ್ಲ. ಧಾರಾವಿ ಕಟ್ಟಿದವರನ್ನೇ ಧಾರಾವಿಯಿಂದ ಎಬ್ಬಿಸಲು ಬರುವವರ ಎದುರು ನಿಲ್ಲುವ ಕತೆ ಅದು. ಅವರಿಗೆ ಇರುವ ನೆಲ ಹೋಗುವ ಭಯ. ನಮಗೆ ನೆಲ ಬಂದೇ ಇಲ್ಲ.

ಅದೇ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಈ ಚಿತ್ರ ಬಿಡಬಾರದು ಅಂತ ಗಲಾಟೆ ಎದ್ದಿತು. ಕಾವೇರಿ ವಿಷಯದಲ್ಲಿ ರಜನೀಕಾಂತ್ ಆಡಿದ ಮಾತು ಕಾರಣ. ಬೆಂಗಳೂರಿನಲ್ಲೇ ಬಸ್ ಕಂಡಕ್ಟರ್ ಆಗಿದ್ದ ಮನುಷ್ಯ ಹೀಗಂದನಲ್ಲ ಅಂತ ಸಿಟ್ಟು. ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಬಿಡುಗಡೆ ಬೇಡ ಅಂದಿತು. ವಿಷಯ ಹೈಕೋರ್ಟಿಗೆ ಹೋಗಿ, 2018ರ ಜೂನ್ 5ರಂದು ಚಿತ್ರಮಂದಿರಗಳಿಗೆ ಭದ್ರತೆ ಕೊಡಿ ಅಂತ ಸರ್ಕಾರಕ್ಕೆ ಹೇಳಿತು. ಜೂನ್ 7ಕ್ಕೆ ಚಿತ್ರ ಬಂತು. ಥಿಯೇಟರುಗಳ ಮುಂದೆ ಪ್ರತಿಭಟನೆಯೂ ನಡೆಯಿತು. ನಮ್ಮ ಹುಡುಗರು ನೋಡಿದ್ದು ಫೋನಿನಲ್ಲಿ, ಅದೂ ಬಹಳ ದಿನ ಕಳೆದ ಮೇಲೆ.

ಕಾವೇರಿ ನಮಗೂ ಬೇಕು. ಹೇಮಾವತಿ ಕಾವೇರಿಯ ಉಪನದಿಯೇ ತಾನೆ, ಅದರ ನಾಲೆ ನೀರು ಈ ಸೀಮೆಗೂ ಬರುತ್ತದೆ. ಆದರೆ ಗುಂಟೆ ನೆಲ ಇಲ್ಲದವನು ನಾಲೆಯ ಏರಿ ಮೇಲೆ ನಿಂತು ನೋಡಬಹುದು ಅಷ್ಟೆ. ನೀರಿನ ಜಗಳದಲ್ಲಿ ಆ ಕಡೆಯ ಭೂಮಾಲೀಕನಿಗೂ ಈ ಕಡೆಯ ಭೂಮಾಲೀಕನಿಗೂ ಒಂದೊಂದು ಧ್ವಜ ಇದೆ. ಆ ಕಡೆಯ ಕೂಲಿಯ ಹಾಡು ಈ ಕಡೆಯ ಕೂಲಿಯ ಕಿವಿಗೆ ಬೀಳದಂತೆ ಆ ಎರಡು ಧ್ವಜಗಳೂ ಅಡ್ಡ ನಿಂತವು. ನಟನ ಮೇಲಿನ ಸಿಟ್ಟಿನಲ್ಲಿ ಹಾಡು ಯಾರದು ಅಂತ ಯಾರೂ ಕೇಳಲಿಲ್ಲ.

ಒಂದು ಕಾಕತಾಳೀಯ ಹೇಳುತ್ತೇವೆ. ಹಿಪ್ ಹಾಪ್ ಹುಟ್ಟಿದ್ದು 1973ರ ಆಗಸ್ಟಿನಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಬಡಾವಣೆಯ ಒಂದು ಕರಿಯರ ಪಾರ್ಟಿಯಲ್ಲಿ ಅಂತ ಎಣಿಸುತ್ತಾರೆ. ಅದೇ ವರ್ಷದ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಅವರ ಮಂತ್ರಿ ಪದವಿ ಹೋಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಏಟು ಬಿದ್ದವು. ಆ ಏಟು ತಿಂದ ತಲೆಮಾರಿನಿಂದಲೇ 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಅವರಿಗೆ ಇವರು ಗೊತ್ತಿಲ್ಲ, ಇವರಿಗೆ ಅವರು ಗೊತ್ತಿಲ್ಲ. ಇಬ್ಬರ ಕೈಯಲ್ಲಿ ಇದ್ದದ್ದು ಮಾತೊಂದೇ.

ಈಗ ನಮ್ಮ ತಕರಾರಿಗೆ ಬರೋಣ. ತಾಳ ಮಾತ್ರ ತಗೊಂಡು ಮಾತು ಬಿಟ್ಟರೆ ಏನಾಗುತ್ತದೆ ಅನ್ನೋದನ್ನು ಮರುವರ್ಷವೇ ನೋಡಿದೆವು. 2019ರ 'ಗಲ್ಲಿ ಬಾಯ್' ಹಿಂದಿ ಚಿತ್ರ, ಅದೂ ಧಾರಾವಿಯದೇ. ಹದಿನೆಂಟು ಹಾಡುಗಳ ದೊಡ್ಡ ಆಲ್ಬಂ, ದೇಶವೆಲ್ಲ ಕುಣಿಯಿತು. ಅದರಲ್ಲಿ 'ಆಜಾದಿ' ಅಂತ ಒಂದು ಹಾಡು. ಅದರ ಮೂಲ 2016ರಲ್ಲಿ ದಿಲ್ಲಿಯ ಜೆಎನ್‌ಯು ವಿದ್ಯಾರ್ಥಿಗಳು ಕೂಗಿದ ಘೋಷಣೆ. ಡಬ್ ಶರ್ಮಾ ಎಂಬ ಸಂಗೀತಗಾರ ಅದನ್ನು ತಾಳಕ್ಕೆ ಕೂಡಿಸಿದ್ದ. ಮೂಲದಲ್ಲಿ ಮನುವಾದ, ಬ್ರಾಹ್ಮಣವಾದ ಅಂತ ಹೆಸರು ಹಿಡಿದು ಕೂಗಿದ್ದರು. ಸಿನಿಮಾಕ್ಕೆ ಬರುವ ಹೊತ್ತಿಗೆ ಆ ಹೆಸರುಗಳು ಉದುರಿಹೋಗಿದ್ದವು. ಹಸಿವಿನ ಮಾತು ಉಳಿಯಿತು. ಹಸಿವಿನ ಬಗ್ಗೆ ಯಾರು ಬೇಕಾದರೂ ಹಾಡಬಹುದು, ಹೊಟ್ಟೆ ತುಂಬಿದವರೂ ಚಪ್ಪಾಳೆ ಹೊಡೆಯಬಹುದು. ಜಾತಿಯ ಹೆಸರೆತ್ತಿದರೆ ಮಾತ್ರ ಟಿಕೆಟ್ ಕೊಂಡವನು ಕುರ್ಚಿಯಲ್ಲಿ ಮಿಸುಕಾಡುತ್ತಾನೆ.

'ಕಾಲಾ'ದ ಮೇಲೂ ನಮಗೆ ಪೂರ್ತಿ ಸಮಾಧಾನವಿಲ್ಲ. ಸೂಪರ್‌ಸ್ಟಾರ್ ಇಲ್ಲದಿದ್ದರೆ ಆ ಧಾರಾವಿ ಹುಡುಗರ ಹಾಡು ಬಿಳಿಗೆರೆಗೆ ಬರುತ್ತಿತ್ತೇ? ಬರುತ್ತಿರಲಿಲ್ಲ. ಆದರೂ ರಂಜಿತ್ ಸಿನಿಮಾವನ್ನೇ ನೆಚ್ಚಿ ಕೂರಲಿಲ್ಲ. ಅದೇ 2018ರ ಜನವರಿಯಲ್ಲಿ ಚೆನ್ನೈನಲ್ಲಿ 'ಕಾಸ್ಟ್‌ಲೆಸ್ ಕಲೆಕ್ಟಿವ್' ಎಂಬ ತಂಡವನ್ನು ವೇದಿಕೆಗೆ ತಂದರು. ಗಾನಾ ಹಾಡು, ರ‍್ಯಾಪ್, ಪರೈ ವಾದ್ಯ ಎಲ್ಲ ಒಟ್ಟಿಗೆ. ಕನ್ನಡದಲ್ಲಿ ಅಂಥ ಸಿನಿಮಾ ಆಲ್ಬಂ ಇನ್ನೂ ಬಂದಿಲ್ಲ ಅನ್ನೋದು ನಮ್ಮ ಅಭಿಪ್ರಾಯ. 2021ರ 'ಸಲಗ'ದಲ್ಲಿ ಚರಣ್ ರಾಜ್ ಉತ್ತರ ಕನ್ನಡದ ಸಿದ್ದಿ ಕಲಾವಿದರಿಂದ ಹಾಡಿಸಿದರು. ಆಫ್ರಿಕಾದಿಂದ ಬಂದ ಪೂರ್ವಿಕರ ಮಕ್ಕಳ ದನಿ ಊರೂರಲ್ಲಿ ಕೇಳಿತು, ಸಂತೋಷವೇ. ಆದರೆ ಆ ದನಿ ರೌಡಿ ಕತೆಗೆ ಅಲಂಕಾರವಾಗಿ ನಿಂತುಬಿಟ್ಟಿತು.

ಪರೈ ಅಂದರೆ ನಮ್ಮ ತಮಟೆಯ ಒಡಹುಟ್ಟು. ನಮ್ಮ ಹುಡುಗರು ಅಂಬೇಡ್ಕರ್ ಜಯಂತಿಗೆ ತಾವೇ ಮಾತು ಕಟ್ಟಿ, ತಮಟೆ ಹೊಡೆದು ರ‍್ಯಾಪ್ ಹಾಡ್ತೀವಿ ಅಂತ ಹೊರಟಾಗ ಜಗಳ ಎದ್ದದ್ದು ಕೇರಿಯ ಒಳಗೇ. ಸಾವಿಗೆ, ಸಾರೋದಕ್ಕೆ, ದೇವರ ಮುಂದೆ ದೂರ ನಿಂತು ಬಡಿಯೋದಕ್ಕೆ ಅಂತ ಹೇರಿದ್ದ ಚಾಕರಿ ಅದು. ಇನ್ನು ಬಡಿಯೋದಿಲ್ಲ ಅಂತ ಹಿರಿಯರು ಹಟ ತೊಟ್ಟು ಅದನ್ನು ಮೂಲೆಗೆಸೆದಿದ್ದರು. ಅದಕ್ಕಾಗಿ ಕೂಲಿ ಕಳಕೊಂಡವರೂ ಇದ್ದಾರೆ. ಒಬ್ಬ ತಾತ ಕೂಗಾಡಿಬಿಟ್ಟರು. "ನಾವು ಬಿಟ್ಟಿದ್ದು ಮರ‍್ಯಾದೆಗೆ ಕಣ್ಲಾ. ನೀನು ಸಿನಿಮಾ ನೋಡ್ಕಂಡು ಮತ್ತೆ ಹೆಗಲಿಗೆ ಹಾಕ್ಕಂತೀಯಾ?"

ಹುಡುಗರ ಹತ್ತಿರವೂ ಮಾತಿತ್ತು. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ತಮಟೆಗೆ ಅಂದರು. "ಪದ್ಮಶ್ರೀ ಒಬ್ರಿಗೆ ಕೊಟ್ರು. ಹೆಣದ ಮುಂದೆ ಬಡಿಯೋಕೆ ಎಲ್ರನ್ನೂ ಕರೀತಿದ್ರು" ಅಂದರು ತಾತ. ಯಾರ ಬಾಯಿಂದಲೂ ಉತ್ತರ ಹೊರಡಲಿಲ್ಲ. ಬೆಂಗಳೂರಿಂದ ಬಂದಿದ್ದ ಆ ಹುಡುಗ ಕೊನೆಗೆ ಮೆಲ್ಲಗೆ ಅಂದ, "ತಾತ, ಆಗ ಬರೀ ಬಡೀರಿ ಅಂದಿದ್ರು, ಮಾತಾಡೋಕೆ ಬಿಟ್ಟಿರ್ನಿಲ್ಲ. ಈಗ ಮಾತೂ ನಮ್ದೇಯ."

ಮೂರು ಸಂಜೆ ಇದೇ ಚರ್ಚೆ ನಡೆಯಿತು. ಕೊನೆಗೆ ಹಿರಿಯರು ಷರತ್ತು ಹಾಕಿದರು. ಊರಿನವರು ಕರೆದರೆ ಹೋಗಕೂಡದು. ಹಾಡಿನಲ್ಲಿ ಜಾತಿಯ ಹೆಸರನ್ನು, ನೆಲದ ಮಾತನ್ನು ಬಿಡಕೂಡದು. ತಮಟೆ ಕಲಿಯೋಕೆ ಯಾವ ಜಾತಿಯ ಹುಡುಗ ಬಂದರೂ ಕಲಿಸಬೇಕು, ಹುಡುಗಿಯರಿಗೂ. ಈ ಕೊನೆಯದನ್ನು ಸೇರಿಸಿದ್ದು ಕೇರಿಯ ಹೆಂಗಸರು. ಹುಡುಗರು ಒಪ್ಪಿದ್ದಾರೆ. ಎರಡು ತಮಟೆಗೆ ಹೊಸ ಚರ್ಮ ಕಟ್ಟಿಸಬೇಕು, ಕಟ್ಟಲು ಬಲ್ಲವರು ಈಗ ಒಬ್ಬರೇ ಉಳಿದಿದ್ದಾರೆ. ಅದು ಆ ತಾತನೇ.